ಮೈದಾನದಲ್ಲಿ ನಿಲ್ಲುವವರ ಅರ್ಹತೆ

ದೈಹಿಕ ಶಿಕ್ಷಣದಲ್ಲಿ ಬಿ.ಪಿ.ಇಡ್. ಮುಗಿಸಿ ಈಗಷ್ಟೇ ಒಂದು ಪ್ರೌಢಶಾಲೆಗೆ ಸೇರಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ಫೋನ್ ಮಾಡಿದ್ದಳು. "ಅಕ್ಕಾರ, ನಮ್ಮ ಕೆಲಸಾ ಅಂದ್ರ ಖರೇ ಏನ್ರಿ? ಇಲ್ಲಿ ನನ್ನ ಮುಂಜಾನೆ ಪ್ರಾರ್ಥನಾ ಹೇಳಸಾಕ, ಮಧ್ಯಾಹ್ನ ಊಟಕ್ಕ ಹುಡುಗರನ್ನ ಸಾಲಾಗಿ ನಿಲ್ಲಸಾಕ ಅಷ್ಟ ಇಟ್ಕೊಂಡಾರ" ಎಂದಳು. ನಾನು ನಕ್ಕೆ. ಫೋನ್ ಇಟ್ಟ ಮೇಲೆ ಅವಳ ಪ್ರಶ್ನೆ ತಲೆಯಲ್ಲೇ ಉಳಿಯಿತು. ಹೇಳಬೇಕಾದದ್ದು ಒಂದು ಫೋನಿನಲ್ಲಿ ಮುಗಿಯುವಂಥದ್ದಲ್ಲ ಅನ್ನಿಸಿ ಬರೆಯಲು ಕುಳಿತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇರುವುದಿಲ್ಲ. ಆ ಶಾಲುಗಳನ್ನು ಈಗ ಹಾಸಿಗೆಯ ಕೆಳಗೆ ಹಾಸಿದ್ದೇನೆ. ಬೆನ್ನಿಗೆ ಸ್ವಲ್ಪ ಮೆತ್ತಗಿರುತ್ತದೆ.

ನಮ್ಮಪ್ಪ ಧಾರವಾಡ ಜಿಲ್ಲೆಯ ಹಳ್ಳಿಯಿಂದ ದಾಂಡೇಲಿಯ ಕಾಗದದ ಮಿಲ್ಲಿಗೆ ಕೆಲಸಕ್ಕೆ ಬಂದವರು. ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ಖೋಖೋ ಆಡಿ ಬೆಳೆದ ನಾನು ಬೇರೆ ಏನನ್ನೂ ಯೋಚಿಸದೆ ದೈಹಿಕ ಶಿಕ್ಷಕಿಯಾದೆ. ಮುಂಡಗೋಡಿನಲ್ಲಿ ಕೆಲವು ವರ್ಷ, ದಾಂಡೇಲಿಯಲ್ಲಿ ಹಲವು ವರ್ಷ ಸೀಟಿ ಊದಿದೆ. ಕೊನೆಗೆ ಹಳಿಯಾಳದಲ್ಲಿ ತಾಲೂಕು ದೈಹಿಕ ಶಿಕ್ಷಣ ಅಧಿಕಾರಿಯಾದೆ. ಜೋಯಿಡಾದ ಹೆಚ್ಚುವರಿ ಪ್ರಭಾರವೂ ನನ್ನ ತಲೆಗೇ ಬಂತು. ಹೊಸಬರಿಗೆ ಒಂದು ಮಾತು: ಈ ಹುದ್ದೆಗೆ ಬಂದ ದಿನದಿಂದ ಸೀಟಿ ಹೋಗುತ್ತದೆ, ಕಡತ ಬರುತ್ತದೆ.

ಕಡತಗಳಲ್ಲಿ ಮುಖ್ಯವಾದದ್ದು ಅರ್ಹತೆ ಪರಿಶೀಲನೆ. ಖಾಸಗಿ ಶಾಲೆಗಳು ಕಾಲಕಾಲಕ್ಕೆ ಮಾನ್ಯತೆ ನವೀಕರಿಸಿಕೊಳ್ಳಬೇಕು. ಆಗ ಯಾವ ವಿಷಯಕ್ಕೆ ಯಾರಿದ್ದಾರೆ, ಅವರು ಏನು ಓದಿದ್ದಾರೆ ಎಂದು ತೋರಿಸಬೇಕು. ಪ್ರೌಢಶಾಲೆಯಲ್ಲಿ ಪಾಠ ಹೇಳುವವರಿಗೆ ಪದವಿಯ ಜೊತೆ ಬಿ.ಇಡ್. ಬೇಕು, ಮೈದಾನದಲ್ಲಿ ನಿಲ್ಲುವವರಿಗೆ ಬಿ.ಪಿ.ಇಡ್. ಬೇಕು. ಗಣಿತದವರ, ವಿಜ್ಞಾನದವರ ಕಾಗದಗಳನ್ನು ಬೇರೆಯವರು ನೋಡುತ್ತಿದ್ದರು. ಮೈದಾನದವರದು ನನ್ನ ಪಾಲು.

ಮೊದಲೆಲ್ಲ ಮೂಲ ಪ್ರಮಾಣಪತ್ರ ಕೈಯಲ್ಲಿ ಹಿಡಿದು, ಎದುರಿಗೆ ಆ ಮನುಷ್ಯನನ್ನು ನಿಲ್ಲಿಸಿ ನೋಡುತ್ತಿದ್ದೆವು. ಕಾಗದದ ಮೇಲಿನ ಫೋಟೋ ಮತ್ತು ಎದುರಿನ ಮುಖ ಎರಡೂ ಒಟ್ಟಿಗೆ ಕಣ್ಣಿಗೆ ಬೀಳುತ್ತಿದ್ದವು. ಆಮೇಲೆ ಎಲ್ಲ ಆನ್‌ಲೈನ್ ಆಯಿತು. ಶಾಲೆಯವರು ಸ್ಕ್ಯಾನ್ ಮಾಡಿ ಏರಿಸುತ್ತಾರೆ, ನಾವು ಕಂಪ್ಯೂಟರಿನ ಮುಂದೆ ಕುಳಿತು ಒಪ್ಪಿಗೆ ಒತ್ತುತ್ತೇವೆ. ಜೋಯಿಡಾದ ಒಳಗಿನ ಶಾಲೆಗಳಲ್ಲಿ ನೆಟ್‌ವರ್ಕ್ ಸಿಗದೆ ಮುಖ್ಯೋಪಾಧ್ಯಾಯರು ಗುಡ್ಡ ಹತ್ತಿ ಮೊಬೈಲ್ ಎತ್ತಿ ಹಿಡಿಯುವುದನ್ನು ನಾನೇ ಕಂಡಿದ್ದೇನೆ. ಕೆಲಸ ಬೇಗ ಆಗತೊಡಗಿತು, ಅದು ನಿಜ. ಮುಖ ಮಾತ್ರ ಕಾಣದಾಯಿತು.

ಜೋಯಿಡಾದ ಒಬ್ಬ ಮೇಷ್ಟ್ರು ನೆನಪಾಗುತ್ತಾರೆ. ಕೊಂಕಣಿ ಮಾತನಾಡುವ ಸಣಕಲ ಮನುಷ್ಯ. ಒಳ್ಳೆಯ ಅಂಕ ಪಡೆದು ಬಿ.ಪಿ.ಇಡ್. ಮಾಡಿದವರು, ಓಟಗಾರರು. ನಾನು ಶಾಲೆಗೆ ಹೋದಾಗ ಅವರು ಮತದಾರರ ಪಟ್ಟಿ ತಿದ್ದುತ್ತ ಕುಳಿತಿದ್ದರು. ಅದಾದ ಮೇಲೆ ಸಮೀಕ್ಷೆ, ಅದಾದ ಮೇಲೆ ಬಿಸಿಯೂಟದ ಮೊಟ್ಟೆಯ ಲೆಕ್ಕ. "ಮೈದಾನಕ್ಕ ಯಾವಾಗ ಇಳೀತೀರಿ?" ಎಂದು ಕೇಳಿದೆ. "ಮೈದಾನ ಎಲ್ಲಿಗೂ ಹೋಗೂದಿಲ್ಲ ಮೇಡಂ, ಮೊಟ್ಟೆ ಮಾತ್ರ ಕೆಡ್ತಾವ" ಎಂದರು. ಅವರ ಅರ್ಹತೆಯ ಬಗ್ಗೆ ನಾನು "ಸರಿಯಾಗಿದೆ" ಎಂದೇ ಬರೆದು ಬಂದೆ. ಬರೆಯಲು ಅಷ್ಟೇ ಜಾಗವಿತ್ತು.

ಇಂಥವು ಹತ್ತಾರು ಇವೆ. ಆದರೆ ನಾನು ಹೇಳಲೇಬೇಕಾದದ್ದು ಹಳಿಯಾಳ ತಾಲೂಕಿನ ಸಾಂಬ್ರಾಣಿ ಊರಿನ ಕಡೆಯ ಒಂದು ಖಾಸಗಿ ಪ್ರೌಢಶಾಲೆಯದು. ಶಾಲೆಯ ಹೆಸರು ಬೇಡ.

ಆ ಶಾಲೆಯ ಹೆಣ್ಣುಮಕ್ಕಳ ಕಬಡ್ಡಿ ತಂಡ ತಾಲೂಕಿನಲ್ಲಿ ಸೋಲುತ್ತಿರಲಿಲ್ಲ. ಜಿಲ್ಲಾ ಮಟ್ಟ ದಾಟಿ ವಿಭಾಗದವರೆಗೆ ಹೋಗಿಬಂದಿತ್ತು. ಕಬ್ಬಿನ ಗದ್ದೆಗೆ, ಭತ್ತದ ನಾಟಿಗೆ ಹೋಗುವವರ ಮಕ್ಕಳು. ಅಂಕಣಕ್ಕೆ ಇಳಿದರೆ ಮಾತಿಲ್ಲ, ಕಣ್ಣಲ್ಲೇ ಒಬ್ಬರಿಗೊಬ್ಬರು ಹೇಳಿಕೊಂಡು ಎದುರಾಳಿಯನ್ನು ಸುತ್ತುವರಿಯುತ್ತಿದ್ದರು. ಶಾಲೆಯ ಕಡತದಲ್ಲಿ ದೈಹಿಕ ಶಿಕ್ಷಕಿಯ ಹೆಸರು ಸುಮಿತ್ರಾ ಎಂದಿತ್ತು. ಬಿ.ಪಿ.ಇಡ್., ಪ್ರಥಮ ದರ್ಜೆ. ಕಾಗದ ಸ್ವಚ್ಛ. ಪಂದ್ಯಗಳಿಗೆ ತಂಡದ ಜೊತೆ ಮಾತ್ರ ಬೇರೆ ಟೀಚರು ಬರುತ್ತಿದ್ದರು. ಇಷ್ಟು ಚೆನ್ನಾಗಿ ಕಲಿಸುವ ಹೆಣ್ಣುಮಗಳನ್ನು ಒಮ್ಮೆ ನೋಡಬೇಕು ಎಂದುಕೊಂಡು ನಾನು ಹೇಳದೆ ಕೇಳದೆ ಒಂದು ಸಂಜೆ ಆ ಶಾಲೆಗೆ ಹೋದೆ.

ಮೈದಾನದಲ್ಲಿ ಸುಮಿತ್ರಾ ಇರಲಿಲ್ಲ. ಪ್ಯಾಂಟನ್ನು ಮೊಣಕಾಲವರೆಗೆ ಮಡಚಿದ, ಐವತ್ತರ ಆಸುಪಾಸಿನ, ಕುತ್ತಿಗೆ ದಪ್ಪಗಿನ ಗಂಡಸೊಬ್ಬ ಹುಡುಗಿಯರ ನಡುವೆ ಬಗ್ಗಿ ನಿಂತಿದ್ದ. "ಕೈ ಬ್ಯಾಡವಾ, ಕಾಲ ನೋಡು! ಆಕಿ ಕಾಲ ಹೇಳ್ತೈತಿ ಎತ್ತಾಗ ಹೊಳ್ಳತಾಳ ಅಂತ!" ಎಂದು ಕೂಗುತ್ತಿದ್ದ. ನನ್ನನ್ನು ಕಂಡು ಹುಡುಗಿಯರು ನಿಂತರು. ಅವನೂ ನಿಂತು ಪ್ಯಾಂಟು ಇಳಿಸಿಕೊಂಡ.

ಅವನು ಮಲ್ಲಪ್ಪ. ದಾಂಡೇಲಿಯ ಮಿಲ್ಲಿನಲ್ಲಿ ಗುತ್ತಿಗೆ ಕೆಲಸದಲ್ಲಿದ್ದು ಅಲ್ಲಿಯ ತಂಡಕ್ಕೆ ಆಡಿದವನು. ಕೆಲಸ ಬಿಟ್ಟ ಮೇಲೆ ಹೆಂಡತಿಯ ಊರಿಗೆ ಬಂದು ನೆಲೆಸಿದ್ದ. ಶಾಲೆಯವರು ಅವನನ್ನು ಕಾವಲುಗಾರ ಎಂದು ಇಟ್ಟುಕೊಂಡಿದ್ದರು.

"ಸುಮಿತ್ರಾ ಟೀಚರ್ ಎಲ್ಲದಾರ?" ಎಂದೆ.

ಅವನು ಸುಳ್ಳು ಹೇಳಲಿಲ್ಲ. "ಹೆಸರ ಕೇಳೇನ್ರಿ. ಮಾರಿ ನೋಡಿಲ್ಲ" ಎಂದ.

"ನೀವು ಎಷ್ಟು ಓದೀರಿ?"

"ಹತ್ತನೇತ್ತಿ ಫೇಲ್ ರಿ." ಹುಡುಗಿಯರು ಕೇಳಿಸಿಕೊಂಡರೇನೋ ಎಂದು ಹಿಂದಿರುಗಿ ನೋಡಿ ದನಿ ಇಳಿಸಿದ. "ಅಕ್ಕಾರ, ನನಗೂ ಒಂದು ಸರ್ಟಿಫಿಕೇಟ್ ಸಿಗೂ ಹಂಗ ಏನರ ಐತೇನ್ರಿ? ಪರೀಕ್ಷಾ ಇದ್ರ ಬರೀತೇನಿ. ಆಡಿ ತೋರಸಂದ್ರ ತೋರಸ್ತೇನಿ."

ನಾನು ವಿವರಿಸಿದೆ. ಮೊದಲು ಎಸ್.ಎಸ್.ಎಲ್.ಸಿ., ಆಮೇಲೆ ಪಿ.ಯು.ಸಿ., ಆಮೇಲೆ ಪದವಿ, ಆಮೇಲೆ ಬಿ.ಪಿ.ಇಡ್. ತರಬೇತುದಾರರಿಗೆಂದೇ ಸಣ್ಣ ಅವಧಿಯ ಕೋರ್ಸುಗಳಿವೆ, ಆದರೆ ಅವಕ್ಕೂ ಮೇಲಿನ ಹಂತದಲ್ಲಿ ಆಡಿದ್ದಕ್ಕೆ ದಾಖಲೆ ಕೇಳುತ್ತಾರೆ. ಮಿಲ್ಲಿನ ತಂಡಕ್ಕೆ ಆಡಿದವನಿಗೆ ಯಾರು ದಾಖಲೆ ಕೊಟ್ಟಿದ್ದರು? ಅವನು ಎಲ್ಲವನ್ನೂ ಕೇಳಿ ನಕ್ಕ. "ಅಷ್ಟ ಕಲಿಯೂದರಾಗ ಈ ಹುಡುಗ್ಯಾರ ಮಕ್ಕಳು ಹೈಸ್ಕೂಲಿಗೆ ಬಂದಿರ್ತಾರ್ರಿ" ಎಂದು ಮತ್ತೆ ಪ್ಯಾಂಟು ಮಡಚಿಕೊಂಡು ಅಂಕಣಕ್ಕೆ ಹೋದ.

ನಾನು ಕಚೇರಿಗೆ ಬಂದು ಕಂಡದ್ದನ್ನು ಬರೆದೆ. ಆಗ ನಮ್ಮ ಮೇಲಿದ್ದ ಅಧಿಕಾರಿ ಕೆಟ್ಟವರಲ್ಲ. ನಿವೃತ್ತಿಗೆ ಹತ್ತಿರವಿದ್ದರು, ಸಕ್ಕರೆ ಕಾಯಿಲೆಯಿತ್ತು, ಯಾರ ಜೊತೆಗೂ ಜಗಳ ಬೇಡ ಎಂದಿದ್ದರು. ನನ್ನ ವರದಿ ಓದಿ ಕನ್ನಡಕ ತೆಗೆದರು.

"ಮೇಡಂ, 'ಕಂಡುಬಂದಿದೆ' ಅಂತ ಬರದೀರಿ. ಹಂಗ ಬರದ್ರ ನಾವು ಕ್ರಮಾ ತಗೋಬೇಕಾಗ್ತೈತಿ. 'ಕಂಡುಬಂದಂತೆ ತೋರುತ್ತದೆ' ಅಂತ ಬರೀರಿ. ಅವರಿಗೂ ಉಸರಾಡಾಕ ಜಾಗಾ ಇರ್ತೈತಿ, ನಮಗೂ ಇರ್ತೈತಿ."

"ಸರ್, ನನಗ ತೋರಿಲ್ರಿ. ನಾ ನೋಡೇನಿ."

"ನೋಡೀರಿ ಖರೆ. ಆದ್ರ ಆ ಮನಷ್ಯಾನ್ನ ತಗದ್ರ ಹುಡುಗ್ಯಾರಿಗೆ ಯಾರು ಕಲಸ್ತಾರ? ನೀವು ಹೋಗ್ತೀರೇನು?"

ವರದಿಯನ್ನು ವಾಪಸು ತೆಗೆದುಕೊಂಡು ಹೋಗಿ ಇನ್ನೊಮ್ಮೆ ಓದಿದೆ. ಆದರೂ "ಕಂಡುಬಂದಿದೆ" ಎಂದೇ ಇಟ್ಟೆ. ಶಾಲೆಗೆ ನೋಟಿಸು ಹೋಯಿತು. "ಸದರಿ ಶಿಕ್ಷಕಿಯು ಅನಾರೋಗ್ಯದ ನಿಮಿತ್ತ ರಜೆಯಲ್ಲಿದ್ದರು" ಎಂದು ಉತ್ತರ ಬಂತು. ನಾನು ಅದು ಸುಳ್ಳೆಂದು ಟಿಪ್ಪಣಿ ಬರೆದು ಮೇಲೆ ಕಳಿಸಿದೆ. ಮೇಲೆ ಹೋದದ್ದು ಮೇಲೆಯೇ ಉಳಿಯಿತು. ಕೇಳಿದಾಗಲೆಲ್ಲ "ಪರಿಶೀಲನೆಯಲ್ಲಿದೆ" ಎಂದರು. ಶಾಲೆ ನಡೆಯುತ್ತಿತ್ತು, ಮಲ್ಲಪ್ಪ ಕಲಿಸುತ್ತಿದ್ದ, ಹುಡುಗಿಯರು ಗೆಲ್ಲುತ್ತಿದ್ದರು.

ಮುಂದಿನ ಮಳೆಗಾಲದಲ್ಲಿ ರೇಣುಕಾ ಬಿದ್ದಳು.

ಒಂಬತ್ತನೆಯ ತರಗತಿಯ ಹುಡುಗಿ, ತಂಡದ ರೈಡರ್. ಗಾಳಿಯ ಹಾಗೆ ನುಗ್ಗುತ್ತಿದ್ದಳು. ತಾಲೂಕು ಪಂದ್ಯ ಹತ್ತಿರವಿತ್ತು, ಮೈದಾನ ಕೆಸರಾಗಿತ್ತು. ಮಲ್ಲಪ್ಪ ಶಾಲೆಯ ಹಿಂದಿನ ಗಟ್ಟಿ ಅಂಗಳದಲ್ಲಿ ಭತ್ತದ ಹೊಟ್ಟು ಹರವಿ, ಮೇಲೆ ತಾಡಪತ್ರಿ ಹಾಸಿ ಅಭ್ಯಾಸ ಮಾಡಿಸುತ್ತಿದ್ದ. ರೇಣುಕಾಳನ್ನು ಮೂವರು ಹಿಡಿದರು, ಅವಳು ಕೊಸರಿಕೊಂಡು ಮುಂದಕ್ಕೆ ಜಿಗಿದಳು, ತಾಡಪತ್ರಿಯ ಅಂಚು ದಾಟಿ ತಲೆ ಕೆಳಗಾಗಿ ಬಿದ್ದಳು. ಎದ್ದೇಳಲಿಲ್ಲ.

ಆಗ ನಾನು ಅಲ್ಲಿರಲಿಲ್ಲ. ಆದರೆ ಆಮೇಲೆ ನಡೆದದ್ದನ್ನು ತಾಲೂಕಿನ ಅರ್ಧ ಜನ ನೋಡಿದರು, ಏಕೆಂದರೆ ಗೋಡೆಯಾಚೆ ನಿಂತಿದ್ದ ಯಾರೋ ಮೊಬೈಲಿನಲ್ಲಿ ಚಿತ್ರೀಕರಿಸಿದ್ದರು. ಮಲ್ಲಪ್ಪ ಓಡಿ ಬರುತ್ತಾನೆ. "ರೇಣುಕವ್ವಾ, ಏಳವ್ವಾ" ಎಂದು ಭುಜ ಹಿಡಿದು ಕೂರಿಸಲು ನೋಡುತ್ತಾನೆ. ಅವಳ ತಲೆ ಹಿಂದಕ್ಕೆ ಬೀಳುತ್ತದೆ. ಮುಖಕ್ಕೆ ನೀರು ಹಾಕುತ್ತಾನೆ. ಆಮೇಲೆ ಅವಳನ್ನು ಎರಡೂ ತೋಳುಗಳಲ್ಲಿ ಎತ್ತಿಕೊಂಡು ಕೆಸರಿನಲ್ಲಿ ರಸ್ತೆಯವರೆಗೆ ಓಡುತ್ತಾನೆ. ಹಾಲಿನ ಗಾಡಿಯೊಂದನ್ನು ಅಡ್ಡಗಟ್ಟಿ ಹತ್ತಿಸುತ್ತಾನೆ. ಅಷ್ಟಕ್ಕೆ ವಿಡಿಯೊ ಮುಗಿಯುತ್ತದೆ.

ಮೊದಲ ಎರಡು ದಿನ ಎಲ್ಲರ ಮೊಬೈಲಿನಲ್ಲೂ ಅದೇ. ಕೆಳಗೆ ಕೈ ಮುಗಿದ ಚಿತ್ರಗಳು, ಗುರುವೆಂದರೆ ಹೀಗಿರಬೇಕು ಎಂಬ ಮಾತುಗಳು. ನನಗೂ ಯಾರೋ ಕಳಿಸಿದ್ದರು.

ಬಿದ್ದ ದಿನವೇ ಹುಡುಗಿಯನ್ನು ಹಳಿಯಾಳದ ಆಸ್ಪತ್ರೆಗೆ ತಂದಾಗ ನಾನು ಹೋಗಿದ್ದೆ. ಅವಳಿಗೆ ಎಚ್ಚರವಿತ್ತು. "ಕೈ ಜೋಮು ಹಿಡದಾವ್ರಿ ಅಕ್ಕಾರ" ಎಂದಳು. ಡಾಕ್ಟರು ಹರೆಯದ ಹೆಣ್ಣುಮಗಳು. ಕೊರಳಿಗೆ ಗಟ್ಟಿ ಪಟ್ಟಿ ಹಾಕಿ ಹುಬ್ಬಳ್ಳಿಗೆ ಕಳಿಸುವ ವ್ಯವಸ್ಥೆ ಮಾಡುತ್ತಲೇ ಕೇಳಿದರು: "ಈಕೀನ ಎತ್ತಿದವರು ಯಾರು?"

ಮಲ್ಲಪ್ಪ ಬಾಗಿಲಲ್ಲಿ ನಿಂತಿದ್ದ. ಅಂಗಿ ಪೂರ್ತಿ ಕೆಸರು. "ನಾನ ರೀ" ಎಂದ. ಶಹಬ್ಬಾಸ್ ಎನ್ನುತ್ತಾರೆ ಎಂದುಕೊಂಡಿದ್ದನೋ ಏನೋ.

"ಕೊರಳಿಗೆ ಪೆಟ್ಟಾದವರನ್ನ ಹಂಗ ಎತ್ತಬಾರದ್ರಿ. ಅಳ್ಳಾಡಿಸದ ಅಲ್ಲೇ ಇಟ್ಟು ಆಂಬ್ಯುಲೆನ್ಸ್ ಕರೀಬೇಕಾಗಿತ್ತು."

ಅವನ ಮುಖ ಹೇಗಾಯಿತು ಎಂದು ನಾನು ಬರೆಯಲಾರೆ. "ಹಂಗಾರ ನಾನ ಮಾಡಿದ್ನೇನ್ರಿ ಇದನ್ನ?" ಎಂದು ಕೇಳಿದ.

ಡಾಕ್ಟರು ಪ್ರಾಮಾಣಿಕರು. "ಬಿದ್ದಾಗ ಆತೋ, ಎತ್ತಿದಾಗ ಆತೋ, ಅದನ್ನ ಯಾರೂ ಹೇಳಾಕ ಬರೂದಿಲ್ಲ" ಎಂದರು. ಅದು ಸಮಾಧಾನದ ಮಾತಲ್ಲ. ಇಂದಿಗೂ ಅದನ್ನು ಯಾರೂ ಹೇಳಿಲ್ಲ.

ಡಾಕ್ಟರ ಮಾತು ಆಸ್ಪತ್ರೆಯ ಬಾಗಿಲು ದಾಟಿ ಊರು ಸೇರಿತು. ಅದೇ ವಿಡಿಯೊ ಮತ್ತೆ ಸುತ್ತತೊಡಗಿತು. ಈ ಸಲ ಕೆಳಗಿನ ಮಾತುಗಳು ಬೇರೆ. "ಕಾವಲುಗಾರನ ಕೈಗೆ ಮಕ್ಕಳು", "ಹತ್ತನೇ ಫೇಲ್ ಕೋಚ್". ಕೈ ಮುಗಿದವರೇ ಬೈದರು. ಮಲ್ಲಪ್ಪ ಮನೆಯಿಂದ ಹೊರಗೆ ಬರುವುದನ್ನು ಬಿಟ್ಟ.

ನಾನು ಹುಬ್ಬಳ್ಳಿಗೆ ಹೋಗಿ ರೇಣುಕಾಳನ್ನು ನೋಡಿದೆ. ಶಸ್ತ್ರಚಿಕಿತ್ಸೆ ಆಗಿತ್ತು. ಜೀವಕ್ಕೆ ಅಪಾಯವಿಲ್ಲ, ನಡೆಯುತ್ತಾಳೆ, ಎಡಗೈಯ ಬಲ ಪೂರ್ತಿ ಬರುವುದು ಅನುಮಾನ ಎಂದಿದ್ದರು. ತಾಯಿ ನೀಲವ್ವ ಹೊರಗೆ ಕುಳಿತಿದ್ದಳು. ನಾಟಿ ಬಿಟ್ಟು ಬಂದವಳು. ನಾನು ಯಾರೆಂದು ತಿಳಿದು ನನ್ನನ್ನೇ ನೋಡಿದಳು.

"ಅಕ್ಕಾರ, ಮಲ್ಲಪ್ಪಗ ಆ ಕಾಗದಾ ಇಲ್ಲಂತ ನಿಮಗ ಮೊದಲ ಗೊತ್ತಿತ್ತಂತ. ಹೌದೇನ್ರಿ?"

"ಹೌದವಾ. ನಾ ಮ್ಯಾಲ ಬರದು ಕಳಿಸಿದ್ದೆ."

"ಮ್ಯಾಲ ಕಳಿಸಿದ್ರಿ. ನಮಗ್ಯಾಕ ಹೇಳಲಿಲ್ಲ? ಹುಡುಗಿ ನಮ್ಮದಲ್ಲೇನ್ರಿ?"

ಸಿಟ್ಟಿನಿಂದ ಕೇಳಿರಲಿಲ್ಲ. ಖರೇ ತಿಳಿಯಬೇಕೆಂದು ಕೇಳಿದ್ದಳು. ಇಷ್ಟು ವರ್ಷ ನಾವು ಶಿಕ್ಷಕರ ಅರ್ಹತೆಯನ್ನು ಶಾಲೆಯಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ ಕಳಿಸುತ್ತಲೇ ಬಂದಿದ್ದೇವೆ. ಮಗುವನ್ನು ಬಿಟ್ಟುಹೋಗುವ ತಾಯಿಗೆ, ನಿನ್ನ ಮಗಳನ್ನು ಯಾರ ಕೈಯಲ್ಲಿ ಕೊಡುತ್ತಿದ್ದೀ ಎಂದು ಹೇಳಬೇಕೆಂಬ ನಿಯಮ ನಮ್ಮಲ್ಲಿ ಎಲ್ಲೂ ನನಗೆ ಕಂಡಿರಲಿಲ್ಲ. ನಾನು ಅವಳ ಪಕ್ಕದ ಬೆಂಚಿನಲ್ಲಿ ಕುಳಿತೆ.

ಈಗ ವಿಚಾರಣೆ ಶುರುವಾಯಿತು. ಮೇಲೆ ಉಳಿದಿದ್ದ ನನ್ನ ಟಿಪ್ಪಣಿ ಕೆಳಗಿಳಿದು ಬಂತು. ಅಪಘಾತವಾದ ಹೊತ್ತಿನಲ್ಲಿ ಮೈದಾನದ ಜವಾಬ್ದಾರಿ ಹೊತ್ತಿದ್ದ ಶಿಕ್ಷಕಿ ಸುಮಿತ್ರಾ ಹೇಳಿಕೆ ಕೊಡಬೇಕು ಎಂದು ಅವಳ ವಿಳಾಸಕ್ಕೆ ಸೂಚನೆ ಹೋಯಿತು. ಒಂದು ಮುಂಜಾನೆ ಕಚೇರಿ ತೆರೆಯುವ ಮೊದಲೇ ತೆಳ್ಳಗಿನ ಹೆಣ್ಣುಮಗಳೊಬ್ಬಳು ಮೆಟ್ಟಿಲ ಮೇಲೆ ಕುಳಿತಿದ್ದಳು. ಮುಂಡಗೋಡ ತಾಲೂಕಿನ ಸನವಳ್ಳಿಯಿಂದ ಮೊದಲ ಬಸ್ಸು ಹಿಡಿದು, ಎರಡು ಕಡೆ ಬದಲಿಸಿ ಬಂದಿದ್ದಳು. ಕೈಯಲ್ಲಿ ಸೂಚನೆಯ ಲಕೋಟೆ.

"ನಾನ ಸುಮಿತ್ರಾ ರೀ" ಎಂದಳು. "ಅಕ್ಕಾರ, ಆ ಹುಡುಗಿ ಯಾರಂತ ನನಗ ಗೊತ್ತಿಲ್ರಿ. ಆ ಶಾಲಿ ಮೈದಾನ ಯಾವ ದಿಕ್ಕಿಗೆ ಐತಿ ಅನ್ನೂದೂ ಗೊತ್ತಿಲ್ಲ. ನನ್ನ ಜೇಲಿಗೆ ಹಾಕ್ತಾರೇನ್ರಿ?"

ಒಳಗೆ ಕರೆದು ಚಹಾ ಕುಡಿಸಿದ ಮೇಲೆ ಒಂದೊಂದಾಗಿ ಹೇಳಿದಳು. ಬಿ.ಪಿ.ಇಡ್. ಮುಗಿಸಿ ಕೆಲಸ ಹುಡುಕುವಾಗ ಈ ಶಾಲೆಯ ಕಾರ್ಯದರ್ಶಿ ಕರೆದಿದ್ದ. ಹುದ್ದೆಗೆ ಮಂಜೂರಾತಿ ಬಂದ ಕೂಡಲೇ ನೀನೇ ಟೀಚರ್ ಎಂದು ಹೇಳಿ ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆಂದು ತೆಗೆದುಕೊಂಡಿದ್ದ. ಕಚೇರಿಯ ಕೋಣೆಯಲ್ಲಿ ಕೂರಿಸಿ ಸಹಿ ಹಾಕಿಸಿಕೊಂಡು ಬಸ್ಸಿಗೆ ಕಳಿಸಿದ್ದ. ಮಂಜೂರಾತಿ ಬರಲೇ ಇಲ್ಲ. ಅಂಕಪಟ್ಟಿ ಕೇಳಿದರೆ ಇವತ್ತು ನಾಳೆ. ನಡುವೆ ಸರ್ಕಾರಿ ಹುದ್ದೆಗೆ ಅರ್ಜಿ ಕರೆದಾಗ ಮೂಲ ದಾಖಲೆ ತೋರಿಸಲಾಗದೆ ಅವಕಾಶ ತಪ್ಪಿತು. ಅವಳು ಸನವಳ್ಳಿಯಲ್ಲಿ ಅಣ್ಣನ ಹೊಲದಲ್ಲಿ ಗೋವಿನಜೋಳ ಬಿತ್ತುತ್ತಿದ್ದಾಗ ಅವಳ ಹೆಸರು ಇಲ್ಲಿ ಕಬಡ್ಡಿ ಕಲಿಸುತ್ತಿತ್ತು.

"ಇದ್ದದ್ದು ಇದ್ದಂಗ ಬರದು ಕೊಡು" ಎಂದೆ.

"ನನ್ನ ಹೆಸರು ಕೊಟ್ಟಿದ್ದು ನನ್ನ ತಪ್ಪ ಅಂತಾರಲ್ರಿ?"

"ಅಂತಾರ. ಅದನ್ನೂ ಬರಿ."

ಅವಳು ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದಳು. ಆಮೇಲೆ ಬರೆದಳು. ಈ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ನಾನು ಹೇಳುವುದು ಇದನ್ನೇ: ನಿಮ್ಮ ಮೂಲ ಅಂಕಪಟ್ಟಿಯನ್ನು ಯಾರ ಕಪಾಟಿನಲ್ಲೂ ಬಿಡಬೇಡಿ. ಅದು ಹೋದರೆ ಇನ್ನೊಂದು ತರಬಹುದು, ಆದರೆ ಅದರ ಜೊತೆ ನಿಮ್ಮ ಹೆಸರೂ ಹೋಗಿರುತ್ತದೆ.

ಮಾರನೆಯ ವಾರ ನಾನೂ ಅವಳೂ ಆ ಶಾಲೆಗೆ ಹೋದೆವು. ಕಾರ್ಯದರ್ಶಿ ಎದ್ದು ನಿಂತು ಸ್ವಾಗತಿಸಿದ. ಅಂಕಪಟ್ಟಿ ಎಂದ ಕೂಡಲೇ ಕಪಾಟಿನ ಕಡೆ ಕೈ ಮಾಡಿದ.

"ಕೀಲಿ ನಮ್ಮ ಕ್ಲರ್ಕನ ಕಡೆ ಐತ್ರಿ ಮೇಡಂ. ಅವ ಊರಿಗೆ ಹೋಗ್ಯಾನ. ಬಂದ ಕೂಡಲೆ ನಾನ ಮನಿತನಕಾ ಕಳಸ್ತೇನಿ."

"ಬರ್ಲಿ ಬಿಡ್ರಿ. ನಾ ಕುಂದರ್ತೇನಿ" ಎಂದೆ.

"ಅವ ಇವತ್ತ ಬರೂದಿಲ್ರಿ."

"ನಾಳೆ ಬರ್ತಾನಲ್ಲ? ನನಗೇನು ಅವಸರಿಲ್ಲ."

ಕುಳಿತೆವು. ಮಧ್ಯಾಹ್ನದ ಗಂಟೆಯಾಯಿತು, ಹುಡುಗರು ಉಂಡು ಹೋದರು. ಕಾರ್ಯದರ್ಶಿ ಎರಡು ಸಲ ಚಹಾ ತರಿಸಿದ, ಮೂರನೆಯ ಸಲ ತರಿಸಲಿಲ್ಲ. ಶಾಲೆ ಬಿಟ್ಟಿತು. ಕಸ ಗುಡಿಸುವ ಹೆಣ್ಣುಮಗಳು ನಮ್ಮ ಕಾಲು ಎತ್ತಿಸಿ ಕೆಳಗೆ ಗುಡಿಸಿ ಹೋದಳು. ನನಗೆ ಸೊಂಟ ನೋಯುತ್ತಿತ್ತು. ನಿಜ ಹೇಳಬೇಕೆಂದರೆ ಅದು ಧೈರ್ಯವಲ್ಲ, ದಣಿವು. ಎದ್ದು ಹೋಗಿ ಮತ್ತೆ ಬರುವುದಕ್ಕಿಂತ ಕುಳಿತಿರುವುದೇ ಸುಲಭ ಅನ್ನಿಸಿತ್ತು. ಕತ್ತಲಾಗುವ ಮೊದಲು ಕಾರ್ಯದರ್ಶಿ ತನ್ನ ಮೇಜಿನ ಡ್ರಾವರ್ ಎಳೆದು ಕೀಲಿ ತೆಗೆದ. ಕ್ಲರ್ಕನ ಮಾತು ಯಾರೂ ಎತ್ತಲಿಲ್ಲ. ಸುಮಿತ್ರಾ ಅಂಕಪಟ್ಟಿಗಳನ್ನು ಎದೆಗೆ ಒತ್ತಿಕೊಂಡು ಬಸ್ ನಿಲ್ದಾಣದವರೆಗೂ ಹಾಗೆಯೇ ನಡೆದಳು.

ವಿಚಾರಣೆ ಮುಗಿಯಿತು. ಕಾರ್ಯದರ್ಶಿಯನ್ನು ತೆಗೆದು ಬೇರೆಯವರನ್ನು ತಂದರು. ಸುಮಿತ್ರಾಳಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಅರ್ಹ ಶಿಕ್ಷಕರು ನಿಜವಾಗಿ ಬರುವವರೆಗೆ ಶಾಲೆಯ ಯಾವ ತಂಡವೂ ಪಂದ್ಯಕ್ಕೆ ಹೋಗಕೂಡದು ಎಂದು ಆದೇಶವಾಯಿತು. ಅದನ್ನು ಶಾಲೆಗೆ ತಲುಪಿಸುವ ಕೆಲಸ ನನಗೇ ಬಂತು. ಹುಡುಗಿಯರು ನನ್ನನ್ನು ಸುತ್ತುಗಟ್ಟಿದರು. ಅವರಲ್ಲಿ ಒಬ್ಬಳು, ಹತ್ತನೆಯ ತರಗತಿಯವಳು, ಅತ್ತುಕೊಂಡೇ ಹೇಳಿದಳು: "ಈ ವರ್ಷ ವಿಭಾಗಕ್ಕ ಹೋದ್ರ ನನಗ ಕ್ರೀಡಾ ಹಾಸ್ಟೆಲಿನ್ಯಾಗ ಸೀಟ್ ಸಿಗತಿತ್ತು. ಸಿಗಲಿಲ್ಲಂದ್ರ ಮನ್ಯಾಗ ಓದು ಬಿಡಸ್ತಾರ್ರಿ. ನೀವು ಕಾಗದಾ ಹಿಡಕೊಂಡ ಬಂದ್ರಿ, ನಮ್ಮ ಆಟ ಹೋತು." ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನೀಲವ್ವ ಕೇಳಿದ್ದರಲ್ಲೂ ತಪ್ಪಿರಲಿಲ್ಲ. ಇಬ್ಬರಿಗೂ ಸರಿಯಾಗುವ ಒಂದು ನಿಯಮವನ್ನು ನಾನು ನನ್ನ ಇಡೀ ನೌಕರಿಯಲ್ಲಿ ಕಾಣಲಿಲ್ಲ.

ಆ ಹುಡುಗಿಯನ್ನು ಕಾಲೇಜಿಗೆ ಸೇರಿಸಲು ಅವಳ ಮನೆಗೆ ಎರಡು ಸಲ ಹೋದೆ. ಮೊದಲ ಸಲ ಒಪ್ಪಲಿಲ್ಲ, ಎರಡನೆಯ ಸಲ ಹಳಿಯಾಳದ ಸರ್ಕಾರಿ ಕಾಲೇಜಾದರೆ ಸರಿ ಎಂದರು. ಅವಳು ಅಲ್ಲಿ ಓದಿದಳು. ಕಬಡ್ಡಿ ಮತ್ತೆ ಆಡಲಿಲ್ಲ.

ಒಂದು ಒಳ್ಳೆಯದಾಯಿತು. ಶಾಲೆಯ ಹೊಸ ಆಡಳಿತದವರು ಅರ್ಹ ಶಿಕ್ಷಕಿ ಬೇಕೆಂದು ನನ್ನನ್ನು ಕೇಳಿದಾಗ ನಾನು ಹೆದರುತ್ತಲೇ ಸುಮಿತ್ರಾಳಿಗೆ ಫೋನ್ ಮಾಡಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ಬರ್ತೇನ್ರಿ. ನನ್ನ ಹೆಸರ ಮ್ಯಾಲ ಆ ಹುಡುಗಿ ಬಿದ್ದಾಳ. ಇನ್ನ ಮ್ಯಾಲಾದ್ರೂ ಅಲ್ಲಿ ನಾನ ನಿಂದರ್ತೇನಿ" ಎಂದಳು. ಬಂದಳು, ಸಾಂಬ್ರಾಣಿಯಲ್ಲಿ ಕೋಣೆ ಹಿಡಿದಳು. ಮೊದಲ ತಿಂಗಳು ಹುಡುಗಿಯರು ಅವಳ ಮಾತೇ ಕೇಳಲಿಲ್ಲ. ರೇಣುಕಾ ಕೊರಳ ಪಟ್ಟಿ ಬಿಚ್ಚಿ ಶಾಲೆಗೆ ಮರಳಿದ ಮೇಲೆ ಸುಮಿತ್ರಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಕ ಬರೆಯಲು ಹಚ್ಚಿದಳು. ರೇಣುಕಾ ಬಲಗೈಯವಳು, ಬರೆಯಲು ತೊಂದರೆಯಿರಲಿಲ್ಲ. ಆಮೇಲೆ ಉಳಿದವರೂ ಹತ್ತಿರ ಬಂದರು.

ನನ್ನ ನಿವೃತ್ತಿಗೆ ಕೆಲವು ತಿಂಗಳು ಉಳಿದಿದ್ದಾಗ ತಾಲೂಕಿನ ದೈಹಿಕ ಶಿಕ್ಷಕರ ಸಭೆ ಕರೆದೆ. ಎಲ್ಲರೂ ಅರ್ಹರು, ಎಲ್ಲರ ಕಾಗದವನ್ನೂ ನಾನೇ ನೋಡಿದ್ದೆ. ಕೊರಳಿಗೆ ಪೆಟ್ಟಾದವರನ್ನು ಹೇಗೆ ಎತ್ತಬೇಕು, ಬಲ್ಲವರು ಕೈ ಎತ್ತಿ ಎಂದೆ. ಓದುವಾಗ ಒಂದು ಪಾಠವಿತ್ತು, ಪರೀಕ್ಷೆಯಲ್ಲಿ ಬಂದಿತ್ತು ಎಂದರು ಕೆಲವರು. ಮಾಡಿ ನೋಡಿದವರು ಯಾರೂ ಇರಲಿಲ್ಲ. ನಾನೂ ಮಾಡಿ ನೋಡಿರಲಿಲ್ಲ. ಆಸ್ಪತ್ರೆಯ ಆ ಡಾಕ್ಟರನ್ನು ಕೇಳಿಕೊಂಡೆ. ರಜೆಯ ದಿನ ಬಂದು ಕಲಿಸುತ್ತೇನೆ ಎಂದರು.

ಹಳಿಯಾಳದ ಮೈದಾನದಲ್ಲಿ ಭಾನುವಾರ ಸೇರಿದೆವು. ಮಲ್ಲಪ್ಪನಿಗೆ ಯಾರು ಹೇಳಿದರೋ, ಬಹುಶಃ ಸುಮಿತ್ರಾಳೇ ಇರಬೇಕು, ಅವನು ಬಂದು ಕೊನೆಯಲ್ಲಿ ಬೇಲಿಯ ಹತ್ತಿರ ಕುಳಿತಿದ್ದ. ಬಹಳ ಇಳಿದುಹೋಗಿದ್ದ. ಕೆಲವರು ಗುರುತು ಹಿಡಿದು ಗುಸುಗುಸು ಮಾಡಿದರು. ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ನಾನು ಪಟ್ಟಿ ಮಡಚಿಟ್ಟೆ.

ಡಾಕ್ಟರು ಒಂದು ಉದ್ದನೆಯ ಹಲಗೆ ತರಿಸಿದ್ದರು. "ಯಾರರ ಒಬ್ಬರು ಮಲಗ್ರಿ" ಎಂದರು. ನೆಲ ಹಸಿಯಾಗಿತ್ತು. ಶಿಕ್ಷಕರು ಇಸ್ತ್ರಿ ಮಾಡಿದ ಟ್ರ್ಯಾಕ್‌ಸೂಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಮಲ್ಲಪ್ಪ ಎದ್ದು ಬಂದು ಅಂಗಾತ ಮಲಗಿದ.

ಡಾಕ್ಟರು ಸುಮಿತ್ರಾಳನ್ನು ಅವನ ತಲೆಯ ಹತ್ತಿರ ಮಂಡಿಯೂರಿ ಕೂರಿಸಿದರು. "ಎರಡೂ ಕೈಲೆ ತಲಿ ಹಿಡೀರಿ, ಕಿವಿ ಮ್ಯಾಲೆ. ಮೊಳಕೈ ನೆಲಕ್ಕ ಊರ್ರಿ. ತಲಿ ಹಿಡದವರು ಹೇಳೂತನಕಾ ಉಳದವರು ಯಾರೂ ಅಲಗಬಾರದು." ಪಕ್ಕಕ್ಕೆ ಮೂವರು ಕುಳಿತು ಭುಜ, ಸೊಂಟ, ಕಾಲು ಹಿಡಿದರು. ಮೊದಲ ಸಲ ಸೊಂಟ ಹಿಡಿದವರು ಅವಸರ ಮಾಡಿದರು, ಮೈ ತಿರುಚಿತು. ಎರಡನೆಯ ಸಲ ಸುಮಿತ್ರಾ ಎಣಿಸಿದಳು, ಎಲ್ಲರೂ ಒಟ್ಟಿಗೆ ಹೊರಳಿಸಿದರು. ಮಲ್ಲಪ್ಪನ ದೊಡ್ಡ ಮೈ ತಲೆಯಿಂದ ಕಾಲವರೆಗೆ ಒಂದೇ ಮರದ ತುಂಡಿನ ಹಾಗೆ ತಿರುಗಿತು. ಹಲಗೆ ಸರಿಸಿ, ಮತ್ತೆ ಮೆಲ್ಲಗೆ ಇಳಿಸಿ, ಹಾಗೆಯೇ ಎತ್ತಿದರು. ಕೊರಳು ಒಂದಿಷ್ಟೂ ಅಲುಗಲಿಲ್ಲ.

ಹಲಗೆಯ ಮೇಲೆ ಮಲಗಿದ್ದವನ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ಅಲ್ಲಿ ಸುಮಿತ್ರಾಳ ಬೆರಳುಗಳಿದ್ದವು. ಅವಳು ಕೈ ತೆಗೆಯಲಿಲ್ಲ. ಅವನು ಮೇಲೆ ನೋಡುತ್ತಲೇ ಕೇಳಿದ: "ಇಷ್ಟ ಏನ್ರಿ ಮಾಡೂದು? ಇಷ್ಟ ಇತ್ತೇನ್ರಿ?"

ಡಾಕ್ಟರು "ಇಷ್ಟ ರೀ" ಎಂದರು.

ಕೆಳಗಿಳಿಸಿದ ಮೇಲೆ ಅವನು ಎದ್ದು ನಿಂತು ಬೆನ್ನಿನ ಮಣ್ಣು ಕೊಡವಿಕೊಂಡ. ಮುಂದಿನ ಗುಂಪಿನವರು ಹಲಗೆಯ ಸುತ್ತ ಬಂದು, ಈಗ ಯಾರು ಮಲಗಬೇಕೆಂದು ಮತ್ತೆ ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದರು. ಮಲ್ಲಪ್ಪ ಅವರ ನಡುವೆ ಹೋಗಿ ಮತ್ತೆ ಮಲಗಿದ.